ಮೂರನೇ ಖೋಲಿಯ ಹೆಸರು

ನನ್ನ ಅಕ್ಕನನ್ನು ಕೊಟ್ಟಿದ್ದು ಬ್ಯಾಡಗಿಯ ಒಂದು ವ್ಯಾಪಾರಸ್ಥರ ಮನೆಗೆ. ಮೆಣಸಿನಕಾಯಿ ಇಡಲು ಅವರದೊಂದು ಪುಟ್ಟ ಕೋಲ್ಡ್ ಸ್ಟೋರೇಜ್ ಇದೆ. ಊರ ಸುತ್ತಲಿನ ದೊಡ್ಡ ದೊಡ್ಡ ಸ್ಟೋರೇಜುಗಳನ್ನು ನೋಡಿ ಬಂದವರಿಗೆ ಇದು ಆಟದ ಸಾಮಾನಿನಂತೆ ಕಂಡೀತು. ಮೂರೇ ಖೋಲಿ, ಮುಂದೆ ತಗಡಿನ ತೂಕದ ಪಡಸಾಲೆ, ಅದರ ಮೂಲೆಯಲ್ಲಿ ಹಮಾಲರಿಗೆ ಚಹಾ ಕಾಯಿಸುವ ಒಲೆ. ಆದರೆ ಆ ಮೂರು ಖೋಲಿಗಳ ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಗಿಸಿಕೊಂಡು ಅಕ್ಕನ ಅತ್ತೆ ಅಂಗಳ ದಾಟುವಾಗ ನೋಡಬೇಕು. ಗೊಂಚಲಿನ ಸದ್ದು ಕೇಳಿದರೆ ಸಾಕು, ಚಹಾ ಹೀರುತ್ತ ಹರಟೆ ಹೊಡೆಯುತ್ತಿದ್ದವರೆಲ್ಲ ತಟ್ಟನೆ ಎದ್ದು ಚೀಲಕ್ಕೆ ಕೈಹಾಕುತ್ತಾರೆ.

ಭಾವ ಬೆಳಗಾದರೆ ಮಾರ್ಕೆಟ್ ಯಾರ್ಡಿಗೆ ಹೋದವರು ಸಂಜೆಗೇ ವಾಪಸು. ಹೀಗಾಗಿ ಸ್ಟೋರೇಜ್ ಅತ್ತೆ-ಸೊಸೆಯರ ರಾಜ್ಯ. ಅದರಲ್ಲೂ ಅತ್ತೆಯದೇ. ಅಕ್ಕ ಓದಿದವಳು, ಲೆಕ್ಕದಲ್ಲಿ ಚುರುಕು, ಹಮಾಲರೊಡನೆ ಹೊಂದಿಕೊಂಡು ಹೋಗುವವಳು. ಆದರೂ ಒಂದು ಖೋಲಿಯ ಬಾಗಿಲು ತೆಗೆಸಬೇಕಾದರೆ ಅವಳು ಅತ್ತೆಯನ್ನು ಹುಡುಕಿಕೊಂಡು ಹೋಗಬೇಕು. ಇತ್ತೀಚೆಗೆ ಅತ್ತೆಗೆ ಮೊಣಕಾಲು ಕೈಕೊಡತೊಡಗಿದವು. ಒಂದು ದಿನ ಮೆಣಸಿನಕಾಯಿ ಹಂಗಾಮು ಶುರುವಾಗುವ ಮುಂಚೆ ಅವರೇ ಅಕ್ಕನಿಗೆ ಹೇಳಿದರು: "ಈ ಹಂಗಾಮು ಸುಸೂತ್ರ ದಾಟಲಿ. ಗೊಂಚಲ ನಿನಗ ಕೊಡ್ತೇನಿ."

ಅಕ್ಕ ಅದನ್ನು ನನಗೆ ಫೋನಿನಲ್ಲಿ ಹೇಳಿದಾಗ ಅವಳ ದನಿ ಹೈಸ್ಕೂಲು ಹುಡುಗಿಯದಾಗಿತ್ತು. ನನಗೂ ಖುಷಿಯಾಯಿತು. ಜೊತೆಗೆ ಅಳುಕೂ ಆಯಿತು. ಏಕೆಂದರೆ ಆ ಸ್ಟೋರೇಜಿನಲ್ಲಿ ಅಕ್ಕನ ಮಾತಿನ ಮೇಲೆ ಬಂದು ಕೂತಿದ್ದ ಒಂದೇ ಒಂದು ಹೊಸ ವಸ್ತು ನಾನು ಕಟ್ಟಿಕೊಟ್ಟ ಯಂತ್ರ.

ನನ್ನ ಹುಟ್ಟೂರು ಕುಪ್ಪೇಲೂರು. ಡಿಪ್ಲೊಮಾ ಓದಿದ್ದು ಹಾವೇರಿಯಲ್ಲಿ. ಈಗ ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಊರಲ್ಲಿ ಬೀಜದ ಕಂಪನಿಗಳಿಗೆ ಬರವಿಲ್ಲ. ಬೀಜ ಮೊಳಕೆ ಬರಿಸುವ ಪೆಟ್ಟಿಗೆ, ಬೀಜ ಇಡುವ ತಂಪು ಪೆಟ್ಟಿಗೆ, ತೇವ ಅಳೆಯುವ ಯಂತ್ರ, ಇವು ಕೆಟ್ಟಾಗ ನನ್ನ ಹೊಟ್ಟೆ ತುಂಬುತ್ತದೆ. ಆದರೆ ನನ್ನ ನಿಜವಾದ ಹುಚ್ಚು ಬೇರೆ. ಕಂಪ್ಯೂಟರಿನ ಕರ್ನಲ್.

ಕರ್ನಲ್ ಅಂದರೆ ಕಂಪ್ಯೂಟರಿನ ತಳದಲ್ಲಿ ಕೂತು ಯಂತ್ರವನ್ನೂ ನಾವು ಬರೆಯುವ ಪ್ರೋಗ್ರಾಮುಗಳನ್ನೂ ಮಾತಾಡಿಸುವ ತಂತ್ರಾಂಶ. ನಾನು ಹಚ್ಚಿಕೊಂಡಿರುವ ಕರ್ನಲನ್ನು ಜಗತ್ತಿನ ನಾನಾ ಕಡೆಯ ಜನ ಕೂಡಿ ಬರೆಯುತ್ತಾರೆ, ಎಲ್ಲರ ಕಣ್ಣೆದುರಿಗೇ ಜಗಳಾಡುತ್ತಾರೆ. ಬೇರೆಯವರು ಬೆಳಿಗ್ಗೆ ಪೇಪರು ಓದುವಂತೆ ನಾನು ಅವರ ಜಗಳ ಓದುತ್ತೇನೆ. ಆ ಜನರಲ್ಲಿ ನನಗೆ ಹಿಡಿಸಿದ್ದು ಒಂದು ಹಟ. ಕರ್ನಲಿನ ಒಳಗೆ ಅವರು ಯಾವ ಮುಲಾಜೂ ಇಟ್ಟುಕೊಳ್ಳುವುದಿಲ್ಲ. ನಿನ್ನೆ ಕಟ್ಟಿದ್ದನ್ನು ಇವತ್ತು ಕೆಡವುತ್ತಾರೆ, ಗೋಡೆ ಕಿತ್ತು ಬಾಗಿಲು ಮಾಡುತ್ತಾರೆ, ಬಾಗಿಲಿದ್ದಲ್ಲಿ ಗೋಡೆ ಎಬ್ಬಿಸುತ್ತಾರೆ. ಆದರೆ ಹೊರಗಿನ ಪ್ರೋಗ್ರಾಮುಗಳಿಗೆ ಇಂಥದ್ದು ಹೀಗೇ ಸಿಗುತ್ತದೆ ಎಂದು ಒಮ್ಮೆ ಮಾತು ಕೊಟ್ಟರೆ ಅದನ್ನು ಮುರಿಯುವುದು ಅವರಿಗೆ ಮಹಾಪರಾಧ. ಮುರಿದವನಿಗೆ ಎಲ್ಲರೆದುರು ಮಂಗಳಾರತಿಯಾಗುತ್ತದೆ. ಇದರಲ್ಲಿ ಒಂದೇ ಒಂದು ತೊಡಕು. ಯಾವುದು ಕೊಟ್ಟ ಮಾತು, ಯಾವುದು ಸುಮ್ಮನೆ ಇಷ್ಟು ದಿನ ಹಾಗೆ ನಡೆದುಕೊಂಡು ಬಂದದ್ದು, ಇದು ನಮಗೆ ಗೊತ್ತಿರಬೇಕು.

ಅಕ್ಕನ ಸ್ಟೋರೇಜಿಗೆ ನಾನು ಮಾಡಿದ ಯಂತ್ರ ಸರಳವಾದದ್ದು. ಅಂಗೈಯಗಲದ ಒಂದು ಕಂಪ್ಯೂಟರ್, ಅದಕ್ಕೆ ನಾಲ್ಕು ಸೆನ್ಸರ್. ಖೋಲಿಗೊಂದರಂತೆ ಮೂರು, ಹೊರಗಿನ ಬಿಸಿ ಎಷ್ಟೆಂದು ನೋಡಲು ಪಡಸಾಲೆಯಲ್ಲಿ ಇನ್ನೊಂದು. ಖೋಲಿ ಬಿಸಿಯಾದರೆ ಅದು ಕಂಪ್ರೆಸರ್ ಚಾಲೂ ಮಾಡುತ್ತದೆ, ಆಗಲೂ ಇಳಿಯದಿದ್ದರೆ ಅತ್ತೆಗೂ ಅಕ್ಕನಿಗೂ ಫೋನು ಮಾಡಿ ಹೇಳುತ್ತದೆ. ಯಾವ ಖೋಲಿ ಅಂತ ಹೇಳಬೇಕಲ್ಲ? ಮೂರೂ ಬಾಗಿಲುಗಳ ಮೇಲೆ ಹೆಸರು ಬರೆಸಿಯೇ ಇದ್ದರು. ಮೊದಲನೆಯದಕ್ಕೆ ಅತ್ತೆಯ ಮಾವನ ಹೆಸರು, ಎರಡನೆಯದಕ್ಕೆ ಅವರ ಅತ್ತೆಯ ಹೆಸರು. ಕೊನೆಗೆ ಕಟ್ಟಿಸಿದ ಮೂರನೆಯದಕ್ಕೆ, ತಂದೆ ತೀರಿಕೊಂಡ ಮೇಲೆ ಭಾವ ತಂದೆಯ ಹೆಸರನ್ನೇ ಬರೆಸಿದ್ದರು. ನಾನು ಜಾಣನಂತೆ ಅವೇ ಹೆಸರುಗಳನ್ನು ಯಂತ್ರಕ್ಕೆ ಹಾಕಿದೆ.

ಅದು ಒಂದು ದಿನವೂ ನಡೆಯಲಿಲ್ಲ. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಅತ್ತೆ-ಮಾವಂದಿರದಂತೂ ಇಲ್ಲವೇ ಇಲ್ಲ. ಅಂದರೆ ಅತ್ತೆ ಆ ಮೂರು ಹೆಸರುಗಳಲ್ಲಿ ಒಂದನ್ನೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅಕ್ಕನೂ ಮೂರನೆಯದನ್ನು ಹೇಳುವ ಹಾಗಿಲ್ಲ, ಮೊದಲಿನ ಎರಡನ್ನು ಹೇಳಿದರೆ ಅತ್ತೆಯ ಹುಬ್ಬು ಗಂಟಿಕ್ಕುತ್ತದೆ. ನಾನು ಯಂತ್ರ ಹಚ್ಚಿದ ದಿನ ಫೋನು ಬಂದು, ಖೋಲಿಯೊಂದು ಬಿಸಿಯಾಗುತ್ತಿದೆ ಎಂದಿತು. ಅದರ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಅಕ್ಕ ಅಂಗಳದಲ್ಲಿ ನಿಂತು ಹಮಾಲರಿಗೆ ಹೇಳಿದ್ದನ್ನು ನಾನೇ ಕೇಳಿದೆ.

"ಏ, ಆ ಖೋಲಿ ಬಾಗಲಾ ಹಾಕ್ರಿ."

"ಯಾವ್ದರೀ ಅಕ್ಕಾರ?"

"ಅದ... ನಮ್ಮ ಮಾವಾರದ್ದು."

"ಯಾವ ಮಾವಾರು? ನಿಮ್ಮವರೋ, ಅಮ್ಮಾರ ಮಾವಾರೋ?"

ಬಾಗಿಲು ಹಾಕುವಷ್ಟರಲ್ಲಿ ಅರ್ಧ ಊರಿಗಾಗುವಷ್ಟು ತಂಪು ಆ ಖೋಲಿಯಿಂದ ಹೊರಟುಹೋಗಿರಬೇಕು. ಅತ್ತೆ ನನ್ನನ್ನು ಕರೆದು ಖಡಕ್ಕಾಗಿ ಹೇಳಿದರು: "ತಮ್ಮಾ, ಹೆಸರು ಗಿಸರು ಏನೂ ಬ್ಯಾಡ. ಒಂದ್ನೇದು, ಎರಡ್ನೇದು, ಮೂರ್ನೇದು. ಮುಗೀತು."

ನಾನು ವಾದ ಮಾಡಿದೆ. ಕರ್ನಲ್ ಪ್ರತಿ ಸೆನ್ಸರಿಗೂ ತಾನೇ ಒಂದು ನಂಬರು ಕೊಡುತ್ತದೆ, ಆದರೆ ಆ ನಂಬರು ಅದು ಕೊಟ್ಟ ಮಾತಲ್ಲ. ಯಾರು ಮೊದಲು ಎದ್ದರೋ ಅವರಿಗೆ ಮೊದಲ ನಂಬರು, ಬಸ್ಸಿನಲ್ಲಿ ಮೊದಲು ಹತ್ತಿದವನು ಕಿಡಕಿ ಸೀಟು ಹಿಡಿದ ಹಾಗೆ. ನಾಳೆಯೂ ಅದೇ ಸೀಟು ಸಿಗುತ್ತದೆಂದು ಯಾವ ಕಂಡಕ್ಟರೂ ಹೇಳುವುದಿಲ್ಲ. ಸೆನ್ಸರಿಗೆ ನಾವೇ ಒಂದು ಹೆಸರು ಕೊಟ್ಟರೆ ಮಾತ್ರ ಕರ್ನಲ್ ಅದನ್ನು ಹಾಗೆಯೇ ಹೊರಗೆ ತೋರಿಸುತ್ತದೆ, ಅದು ಕೊಟ್ಟ ಮಾತು. ಇಷ್ಟೆಲ್ಲ ಹೇಳಿದ ಮೇಲೆ ಅತ್ತೆ ಕೇಳಿದರು: "ಈಗ ಮೂರ್ನೇದು ಯಾವ್ದು?" ನಾನು ನೋಡಿ, ಮೂರನೇ ಖೋಲಿಯದೇ ಎಂದೆ. "ನಾಳಿಗೂ ಅದ ಇರ್ತೈತಿ ಬಿಡು," ಅಂದರು.

ಹಾಗೆಯೇ ಇತ್ತು. ಮರುದಿನವೂ ಇತ್ತು, ಮರುವರ್ಷವೂ ಇತ್ತು. ಕರೆಂಟು ಹೋಗಿ ಬಂದರೂ ಸೆನ್ಸರುಗಳು ಶಾಲೆಯ ಮಕ್ಕಳಂತೆ ಅದೇ ಸಾಲಿನಲ್ಲಿ ಎದ್ದು ನಿಲ್ಲುತ್ತಿದ್ದವು. ಅಕ್ಕ ತನ್ನ ದನಿಯಲ್ಲೇ ಒಂದು, ಎರಡು, ಮೂರು ಎಂದು ರೆಕಾರ್ಡ್ ಮಾಡಿಕೊಟ್ಟಳು. "ಮೂರ್ನೇ ಖೋಲಿ ಬಿಸಿ ಆಗೈತಿ, ಲಗೂನ ನೋಡ್ರಿ" ಎಂದು ಫೋನಿನಲ್ಲಿ ತನ್ನ ದನಿಯನ್ನೇ ಕೇಳಿ ತಾನೇ ಓಡುತ್ತಿದ್ದಳು. ಭಾವ ಅದನ್ನು ಆಡಿಕೊಂಡು ನಗುತ್ತಿದ್ದರು.

ಇಲ್ಲೇ ಒಡಪಿನ ಮಾತು ಹೇಳಿಬಿಡಬೇಕು. ಗಂಡನ ಹೆಸರು ಹೇಳಬಾರದು ಅಂದೆನಲ್ಲ, ಅದಕ್ಕೆ ನಮ್ಮ ಕಡೆ ಒಂದು ಅಧಿಕೃತ ದಾರಿಯಿದೆ. ಮದುವೆ, ಬಸುರಿಗೆ ಮಾಡುವ ಕುಬಸ, ಆರತಿ ಮುಂತಾದ ಹೊತ್ತಿನಲ್ಲಿ ಹೆಂಗಸರು ಸುತ್ತುವರಿದು ಕೇಳಿದಾಗ, ಪ್ರಾಸ ಕಟ್ಟಿ ನಾಲ್ಕು ಸಾಲು ಹೇಳಿ ಅದರ ಕೊನೆಗೆ ಗಂಡನ ಹೆಸರು ಸೇರಿಸಬಹುದು. ಅದೇ ಒಡಪು. ಅಕ್ಕ ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಹೊಸ್ತಿಲಲ್ಲಿ ಬಾಗಿಲು ಅಡ್ಡಗಟ್ಟಿ ನಿಂತವರು, ಒಡಪು ಹೇಳುವ ತನಕ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಅವಳು ಬೆವರಿ ತಡವರಿಸಿದಾಗ ಹಿಂದಿನಿಂದ ಯಾರೋ ಕಿವಿಯಲ್ಲಿ ಸಾಲು ಹೇಳಿಕೊಟ್ಟರು. ಆಮೇಲೆ ನೋಡಿದರೆ ಹೇಳಿಕೊಟ್ಟವರು ಅತ್ತೆಯೇ. ಆ ಓಣಿಯಲ್ಲಿ ಒಡಪು ಕಟ್ಟುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಮದುವೆ ಗೊತ್ತಾದ ಹುಡುಗಿಯರು ಇವತ್ತಿಗೂ ಅವರ ಬಳಿ ಬಂದು ಹುಡುಗನ ಹೆಸರು ಹೇಳಿ ಒಡಪು ಕಟ್ಟಿಸಿಕೊಂಡು ಹೋಗುತ್ತಾರೆ.

ಗೊಂಚಲಿನ ಮಾತು ಬಂದ ಆ ಹಂಗಾಮಿಗೆ ಮುಂಚೆ ನಾನು ಯಂತ್ರದ ಕರ್ನಲನ್ನು ಹೊಸದಕ್ಕೆ ಏರಿಸಿದೆ. ಹಳೆಯದರಲ್ಲಿ ಕಳ್ಳರು ನುಗ್ಗುವಂಥ ತೂತುಗಳಿರುತ್ತವೆ, ಬಿಡುವಂತಿಲ್ಲ. ಏರಿಸಿದ ಮೇಲೆ ಎಲ್ಲ ನೋಡಿದೆ, ನಂಬರುಗಳು ಇದ್ದಲ್ಲೇ ಇದ್ದವು. ನಿಶ್ಚಿಂತೆಯಿಂದ ರಾಣೆಬೆನ್ನೂರಿಗೆ ಬಂದೆ.

ಬಿಸಿಲು ಏರಿತು. ಕಾಗಿನೆಲೆ ಕಡೆಯಿಂದಲೂ ಹಾವೇರಿ ಕಡೆಯಿಂದಲೂ ಕಾಯಿ ಬಂದು ಮೂರೂ ಖೋಲಿ ತುಂಬಿದವು. ಒಂದು ಮುಂಜಾನೆ ನಾನು ಬೀಜದ ಕಂಪನಿಯೊಂದರ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಾಗ ಅಕ್ಕನ ಫೋನು.

"ತಮ್ಮಾ, ಲಗೂನ ಬಾ. ಮೂರ್ನೇ ಖೋಲಿ ಬೆಂಕಿ ಆಗೈತಿ. ಕಂಪ್ರೆಸರ್ ನಿಂದ್ರವಲ್ದು, ಬಿಸಿ ಇಳೀವಲ್ದು. ಅತ್ತಿ ಚೀಲಾ ಎಲ್ಲಾ ಹೊರಗ ಹಾಕಿಸಾಕತ್ತಾರ."

ಪೆಟ್ಟಿಗೆಯನ್ನು ಹಾಗೇ ಬಿಟ್ಟು ಬಸ್ಸು ಹಿಡಿದೆ. ಹಂಗಾಮಿನಲ್ಲಿ ಬ್ಯಾಡಗಿಯ ಹೆಸರು ಕಂಡಕ್ಟರು ಕೂಗುವುದೇ ಬೇಡ, ಬಸ್ಸಿನಲ್ಲಿ ಒಬ್ಬರ ನಂತರ ಒಬ್ಬರು ಸೀನತೊಡಗಿದರೆ ಊರು ಬಂತೆಂದು ಅರ್ಥ. ಸೀನುತ್ತಲೇ ಇಳಿದೆ, ಸೀನುತ್ತಲೇ ಸ್ಟೋರೇಜಿಗೆ ಓಡಿದೆ.

ಅಂಗಳದ ತುಂಬ ಚೀಲಗಳು. ಬಿಸಿಲಿಗೆ ಬಂದ ಚೀಲಗಳ ಮೈಮೇಲೆ ನೀರಿನ ಹನಿ ಮೂಡಿ ಹಮಾಲರಿಗಿಂತ ಹೆಚ್ಚು ಅವೇ ಬೆವರುತ್ತಿದ್ದವು. ಅತ್ತೆ ನಡುವೆ ನಿಂತು ಕೈಬೀಸಿ ಕೂಗುತ್ತಿದ್ದರು. ಚೀಲ ಹೊತ್ತು ಹೊರಬಂದವನೊಬ್ಬ ಹಲ್ಲು ಕಟಕಟಿಸುತ್ತ, "ಅಮ್ಮಾರ, ಒಳಗ ಭಾಳ ಥಂಡಿ ಐತ್ರೀ," ಅಂದ. ಅತ್ತೆ ಅವನನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. "ಬಿಸಲಾಗಿಂದ ಒಳಗ ಹೋದ್ರ ಹಂಗ ಅನಸ್ತೈತಿ. ನಡಿ, ಇನ್ನೊಂದ ಚೀಲಾ ತಗೊಂಡ ಬಾ."

ನಾನು ಯಂತ್ರದ ಮುಂದೆ ಹೋದೆ. ಮೂರನೆಯದು: ಮೂವತ್ತಾರು ಡಿಗ್ರಿ. ಕಣ್ಣು ಕೆಳಗಿಳಿಸಿ ಪಡಸಾಲೆಯ ಲೆಕ್ಕ ನೋಡಿದೆ. ಪಡಸಾಲೆ: ಎರಡು ಡಿಗ್ರಿ. ತಲೆಯೆತ್ತಿ ಪಡಸಾಲೆಯ ಸೆನ್ಸರ್ ನೋಡಿದೆ. ಅದರ ಪಕ್ಕದಲ್ಲೇ ಒಲೆಯ ಮೇಲೆ ಚಹಾ ಕೊತಕೊತ ಕುದಿಯುತ್ತಿತ್ತು.

ನನಗೆ ನಗು ತಡೆಯಲಾಗಲಿಲ್ಲ. ನಗಬಾರದ ಹೊತ್ತು ಅದು, ಗೊತ್ತಿತ್ತು. ಆದರೂ ಕುದಿಯುವ ಚಹಾದ ಪಕ್ಕದಲ್ಲಿ ಹಿಮಾಲಯ ಬಂದು ಕೂತಿರುವುದನ್ನು ನೋಡಿ ಸುಮ್ಮನಿರಲು ನಾನೇನು ಸಂನ್ಯಾಸಿಯೇ? ರಾತ್ರಿ ಕರೆಂಟು ಹೋಗಿ ಬಂದಿದೆ. ಹೊಸ ಕರ್ನಲ್ ಸೆನ್ಸರುಗಳನ್ನು ಒಂದರ ಹಿಂದೊಂದು ಎಬ್ಬಿಸುವ ಬದಲು ಎಲ್ಲವನ್ನೂ ಒಟ್ಟಿಗೆ ಎಬ್ಬಿಸುವುದನ್ನು ಕಲಿತಿದೆ, ಕೆಲಸ ಬೇಗ ಆಗಲಿ ಎಂದು. ಇಷ್ಟು ಸಲ ಹೇಗೋ ಹಳೆಯ ಸಾಲಿನಲ್ಲೇ ಎದ್ದವು. ಈ ಸಲ ಪಡಸಾಲೆಯ ಸೆನ್ಸರ್ ಒಂದು ಹೆಜ್ಜೆ ಮುಂದೆ ನುಗ್ಗಿ ಮೂರನೇ ನಂಬರು ಹಿಡಿದುಕೊಂಡಿದೆ, ಮೂರನೇ ಖೋಲಿಯದು ನಾಲ್ಕಕ್ಕೆ ಜಾರಿದೆ. ಯಂತ್ರ ಪಾಪ, ಪಡಸಾಲೆಯ ಬಿಸಿ ಇಳಿಸಲು ಮೂರನೇ ಖೋಲಿಯ ಕಂಪ್ರೆಸರನ್ನು ರಾತ್ರಿಯಿಂದ ಎಡೆಬಿಡದೆ ಓಡಿಸುತ್ತಿದೆ. ಒಲೆ ಆರಿಸುವ ತನಕ, ಅಥವಾ ಮಳೆಗಾಲ ಬರುವ ತನಕ ಅದು ಹಾಗೇ ಓಡುತ್ತಿತ್ತು.

ಕಂಪ್ರೆಸರ್ ನಿಲ್ಲಿಸಿ, ಅತ್ತೆಯನ್ನು ಕರೆದು ಮೂರನೇ ಖೋಲಿಯೊಳಗೆ ಕರೆದೊಯ್ದೆ. ಅವರು ಒಳಗೆ ಕಾಲಿಟ್ಟವರೇ ಸೆರಗು ಹೊದ್ದುಕೊಂಡರು. ಮುಖದ ಮೇಲಿನ ಗಾಬರಿ ಇಳಿಯಿತು. ಇಳಿದ ಜಾಗಕ್ಕೆ ಸಿಟ್ಟು ಬಂತು.

"ಥಂಡಿ ತಡ್ಯಾಂಗಿಲ್ಲ ಅವರು," ಅಂದರು ಗೋಡೆ ಮುಟ್ಟುತ್ತ. "ಬ್ಯಾಸಗ್ಯಾಗೂ ಮಫ್ಲರ್ ಸುತಗೊಂಡು ಅಡ್ಡಾಡವರು. ಅವರ ಖೋಲಿ ಉರ್ಯಾಕತ್ತೈತಿ ಅಂತ ನಿನ್ನ ಮಿಷನ್ ಹೇಳಿದ್ದಕ್ಕ ನನ್ನ ಎದಿ ಧಸಕ್ಕಂದಿತ್ತು. ಮತ್ತ ಇಲ್ಲಿ ನೋಡಿದ್ರ ಅವರನ್ನ ಬರ್ಫದಾಗ ಕುಂದ್ರಿಸೀರಿ."

ಆಗ ನನಗೆ ಹೊಳೆಯಿತು. ಅತ್ತೆ ಮೂರನೇದು ಎನ್ನುತ್ತಿದ್ದದ್ದು ಬಾಯಿಗೆ ಮಾತ್ರ, ಮನಸ್ಸಿನಲ್ಲಿ ಅಲ್ಲಿ ಗಂಡನೇ ಇದ್ದರು. ಇಷ್ಟು ಹೊತ್ತು ಅವರು ಬಿಸಿಲಲ್ಲಿ ನಿಂತು ಹೊರಹಾಕಿಸುತ್ತಿದ್ದದ್ದು ಮೆಣಸಿನಕಾಯಿಯನ್ನಲ್ಲ.

ಹೊರಗೆ ಬಂದು ಅತ್ತೆ ಎಲ್ಲರೆದುರು ಅಕ್ಕನಿಗೆ ಹೇಳಿದರು: "ಈ ಮಿಷನ್ ಕಿತ್ತ ಒಗಿ. ನನ್ನ ಕೈಯಾಗ ನಡೀತಿತ್ತು, ನನ್ನ ಕೈಯಾಗ ನಡೀಲಿ." ಹೇಳಿ, ಸೊಂಟದ ಗೊಂಚಲನ್ನು ಒಮ್ಮೆ ಭದ್ರ ಮಾಡಿಕೊಂಡರು. ಅಕ್ಕ ಚೀಲಗಳ ಬಾಯಿ ಬಿಚ್ಚಿಸಿ, ನೆರಳಿನಲ್ಲಿ ತಾಡಪತ್ರಿ ಹಾಸಿ ಕಾಯಿ ಹರವಿಸತೊಡಗಿದಳು. ಅವಳ ಬೆನ್ನು ನೋಡಿಯೇ ನನಗೆ ಸಂಕಟವಾಯಿತು. ನನ್ನ ಅಕ್ಕ ಅಳುವುದಿಲ್ಲ, ಕೆಲಸ ಮಾಡುತ್ತಾಳೆ. ಅದು ಅಳುವುದಕ್ಕಿಂತ ಕಷ್ಟ, ನೋಡುವವರಿಗೆ.

ಮಧ್ಯಾಹ್ನದ ಹೊತ್ತಿಗೆ ಕಾಯಿ ಒಣಗಿ ಗಲಗಲ ಎನ್ನತೊಡಗಿತು. ನಷ್ಟವೇನೂ ಆಗಲಿಲ್ಲ, ಬಣ್ಣವೂ ಉಳಿಯಿತು. ಚೀಲ ಮತ್ತೆ ಒಳಗೆ ಹೋದವು. ರೊಟ್ಟಿ ಉಂಡಾದ ಮೇಲೆ ಅತ್ತೆಯ ಮುಂದೆ ಕೂತು ನಾನು ನನ್ನ ಹಳೆಯ ವಾದವನ್ನೇ ತೆಗೆದೆ. ಈ ಸಲ ಅವರು ತಡೆಯಲಿಲ್ಲ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿದರು.

"ಅಂದ್ರ ಅದು ನಂಬರ ಮರೀತೈತೇನು?"

"ಮರಿಯೂದಲ್ರಿ ಅತ್ತಿ. ನಂಬರ ನೆನಪಿಡ್ತೇನಿ ಅಂತ ಅದು ಹೇಳೇ ಇಲ್ಲ. ಇಷ್ಟ ದಿನಾ ಒಂದ ಥರಾ ಬಂತು, ನಾವ ಅದನ್ನ ನಂಬಿ ಕುಂತ್ವಿ."

"ಹೆಸರು ಕೊಟ್ರ?"

"ಹೆಸರು ಕೊಟ್ರ ಬಿಡೂದಿಲ್ಲ. ಒಳಗ ಏನರ ಹಾಳಮೂಳ ಮಾಡ್ಕೊಳ್ಳಿ, ಗ್ವಾಡಿ ಕೆಡವಲಿ, ಮತ್ತ ಕಟ್ಟಲಿ. ಹೊರಗ ನಿಂತು ಆ ಹೆಸರಿಲೆ ಕೇಳಿದ್ರ ಅದ ಖೋಲಿ ಓ ಅನಬೇಕು. ಅದು ಕೊಟ್ಟ ಮಾತು."

ಹೆಸರಿನ ತೊಡಕು ನನಗೆ ಗೊತ್ತಿದ್ದದ್ದೇ, ಹಾಗಾಗಿ ಸುಲಭದ ದಾರಿ ತೋರಿಸಿದೆ. ಕರ್ನಲಿಗೆ ಯಾವ ಹೆಸರಾದರೂ ಆದೀತು. ಮೊದಲನೆಯದಕ್ಕೆ ಮಾವು, ಎರಡನೆಯದಕ್ಕೆ ಬೇವು, ಮೂರನೆಯದಕ್ಕೆ ಹುಣಸೆ ಎಂದಿಟ್ಟರಾಯಿತು, ಯಾರ ಬಾಯಿಗೂ ಅಡ್ಡಿಯಿಲ್ಲ ಎಂದೆ.

ಅತ್ತೆಯ ಕೈ ಮೊಣಕಾಲಿನ ಮೇಲೆ ನಿಂತಿತು. "ಹುಣಸಿ? ಅವರ ಖೋಲಿಗೆ ಹುಣಸಿ ಅಂತೀಯೇನು? ಬಾಗಲ ಮ್ಯಾಲ ಅಷ್ಟ ದೊಡ್ಡದಾಗಿ ಹೆಸರು ಬರಸೇತಿ, ಕಾಣೂದಿಲ್ಲೇನು ನಿನಗ?"

"ಕಾಣ್ತೈತ್ರಿ. ಆದ್ರ ಅದನ್ನ ಫೋನಿನ್ಯಾಗ ಯಾರರ ಹೇಳಬೇಕಲ್ರಿ. ಅಕ್ಕ ಹೇಳಾಂಗಿಲ್ಲ."

"ಆಕಿ ಯಾಕ ಹೇಳ್ತಾಳ," ಅಂದರು. ಆಮೇಲೆ ಇನ್ನೇನೋ ಹೇಳಲು ಹೋಗಿ ನಿಲ್ಲಿಸಿದರು. ಅಕ್ಕ, ಭಾವನ ದನಿಯಲ್ಲಿ ರೆಕಾರ್ಡ್ ಮಾಡಿಸಿದರಾಯಿತು ಎಂದು ಸೂಚಿಸಿದಳು. ಅತ್ತೆ ತಲೆ ಅಲ್ಲಾಡಿಸಿದರು. ನನಗೆ ಅವರ ಮನಸ್ಸು ಅರ್ಥವಾಗಲಿಲ್ಲ. ಅಕ್ಕನಿಗೆ ಅರ್ಥವಾಯಿತು, ನೋಡಿ. ಅವಳು ಎದ್ದು ಹೋಗಿ ಅರಿಸಿನ ಕುಂಕುಮದ ಬಟ್ಟಲು ಹಿಡಿದುಕೊಂಡು ಬರಲಿಲ್ಲ, ಆರತಿ ಹಚ್ಚಲಿಲ್ಲ. ಸೀದಾ ಅತ್ತೆಯ ಎದುರು ಕೂತು, ಮದುವೆ ಮನೆಯಲ್ಲಿ ಹೆಂಗಸರು ಕೇಳುವ ಅದೇ ಠೇಂಕಾರದಲ್ಲಿ ಕೇಳಿದಳು:

"ಒಡಪು ಹೇಳ್ರಿ ಅತ್ತಿ. ಹೇಳದಿದ್ರ ಬಿಡೂದಿಲ್ಲ."

ಅತ್ತೆ ಅವಳನ್ನೇ ನೋಡಿದರು. ಕಣ್ಣು ತುಂಬಿಕೊಂಡವು, ತುಟಿಯ ಮೇಲೆ ಮಾತ್ರ ನಗೆಯಿತ್ತು.

"ಅವರು ಹೋದಮ್ಯಾಲ ನನ್ನ ಒಡಪು ಯಾರೂ ಕೇಳಿಲ್ಲವಾ," ಅಂದರು. "ಊರ ಹುಡಗ್ಯಾರಿಗೆಲ್ಲಾ ಕಟ್ಟಿ ಕೊಡ್ತೇನಿ. ನನಗ ಹೇಳು ಅಂದವರಿಲ್ಲ."

ನಾನು ಆ ತನಕ ಯೋಚಿಸಿಯೇ ಇರಲಿಲ್ಲ. ಗಂಡನಿರುವ ಹೆಂಗಸಿಗೆ ಹೆಸರು ಹೇಳಲು ಒಂದು ದಾರಿಯಾದರೂ ಉಂಟು. ಗಂಡ ಹೋದ ಹೆಂಗಸನ್ನು ಯಾವ ಆರತಿಗೂ ಕೂರಿಸುವುದಿಲ್ಲ, ಯಾರೂ ಸುತ್ತುವರಿದು ಪೀಡಿಸುವುದಿಲ್ಲ. ಇದ್ದ ಒಂದು ಬಾಗಿಲನ್ನೂ ಯಾರೋ ಸದ್ದಿಲ್ಲದೆ ಹಾಕಿಬಿಟ್ಟಿರುತ್ತಾರೆ. ಕರ್ನಲಿನವರಾಗಿದ್ದರೆ ಇಷ್ಟು ಹೊತ್ತಿಗೆ ದೊಡ್ಡ ಜಗಳವೇ ಆಗಿರುತ್ತಿತ್ತು. ನನಗೆ ನಮ್ಮ ಜನದ ಮೇಲೆ ಸಿಟ್ಟು ಬಂತು, ನನ್ನ ಮೇಲೂ ಬಂತು. ಅಕ್ಕನ ಮೇಲೆ ಮಾತ್ರ ಹೇಳಲಾರದಷ್ಟು ಪ್ರೀತಿ ಬಂತು.

ಫೋನು ತೆಗೆದು ರೆಕಾರ್ಡಿಗೆ ಹಚ್ಚಿ ಅತ್ತೆಯ ಮುಂದೆ ಹಿಡಿದೆ. ಅತ್ತೆ ಮೊದಲಿನ ಎರಡು ಖೋಲಿಯವರಿಗೆ ಮನಸ್ಸಿನಲ್ಲೇ ತಪ್ಪಾಯಿತೆಂದು ಕೇಳಿಕೊಂಡಂತೆ ಕೈಮುಗಿದು, ಅವರ ಹೆಸರುಗಳನ್ನು ಶಾಲೆಯಲ್ಲಿ ಹಾಜರಿ ಕೂಗುವವರಂತೆ ಪಟಪಟ ಹೇಳಿ ಮುಗಿಸಿದರು. ಮೂರನೆಯದಕ್ಕೆ ಸೆರಗು ಸರಿಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು. ಹಮಾಲರೂ ಪಡಸಾಲೆಯ ಬಾಗಿಲಿಗೆ ಬಂದು ನಿಂತಿದ್ದರು. ಒಡಪು ಅವರಿಗೆ ಅಲ್ಲೇ, ಆ ಕ್ಷಣಕ್ಕೇ ಹುಟ್ಟಿತೋ, ಇಲ್ಲ ಇಷ್ಟು ವರ್ಷ ಒಳಗೆ ಕಟ್ಟಿಟ್ಟುಕೊಂಡಿದ್ದರೋ ಕಾಣೆ. ಮಿಷನ್ ಎಂಬ ಮಾತೊಂದನ್ನು ಆಗ ಸೇರಿಸಿರಬೇಕು.

"ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕ ಕೆಂಪ,
ಸುಡು ಸುಡು ಬಿಸಲಾಗೂ ಖೋಲಿ ಒಳಗ ತಂಪ,
ಮಫ್ಲರ್ ಸುತಗೊಂಡು ನಿಂತಾರ ಬಾಗಲದಾಗ,
ಅವರ ಹೆಸರ ಹೇಳತೀನಿ ಮಿಷನ್ ಕಿವಿಯಾಗ..."

ಆಮೇಲೆ ಹೆಸರು ಹೇಳಿದರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರು ಹೇಳಿದ ಹಾಗೆ ಕೇಳುವುದಿಲ್ಲ. ಹಮಾಲರು ಮದುವೆ ಮನೆಯವರಂತೆ ಹೋ ಎಂದು ಕೂಗಿದರು, ಅತ್ತೆ ಮುಖ ಮುಚ್ಚಿಕೊಂಡು ನಕ್ಕರು. ಅವರ ನಾಚಿಕೆಯನ್ನು ನಾನು ಅವತ್ತೇ ಮೊದಲು ನೋಡಿದ್ದು.

ನಾನು ಸಂಜೆಯ ತನಕ ಕೂತು ನಾಲ್ಕೂ ಸೆನ್ಸರುಗಳಿಗೆ ಹೆಸರು ಹಚ್ಚಿದೆ. ಪ್ರೋಗ್ರಾಮಿನಲ್ಲಿ ನಂಬರಿನ ಮಾತೇ ಇಲ್ಲದಂತೆ ಮಾಡಿದೆ. ಪಡಸಾಲೆಯ ಸೆನ್ಸರಿಗೆ ಹಮಾಲರೇ ಚಹಾ ಎಂದು ನಾಮಕರಣ ಮಾಡಿದರು. ಆಮೇಲೆ ಬೇಕೆಂದೇ ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ಒಳಗಿನ ನಂಬರುಗಳು ಚೆಲ್ಲಾಪಿಲ್ಲಿಯಾಗುವ ತನಕ ಹಾಗೇ ಮಾಡಿದೆ. ನಂಬರುಗಳು ಬದಲಾದವು, ಹೊರಗೆ ತೋರುವ ಒಂದು ಅಕ್ಷರವೂ ಕದಲಲಿಲ್ಲ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ನಾನು ಹೊರಡಲು ಎದ್ದಾಗ ಸೊಂಟಕ್ಕೆ ಕೈಹಾಕಿ ಗೊಂಚಲು ತೆಗೆದರು.

"ಹಂಗಾಮು ಇನ್ನೂ ಮುಗದಿಲ್ಲಲ್ರಿ," ಅಂದಳು ಅಕ್ಕ.

"ಮುಗೀತೈತಿ ಬಿಡು. ಹಿಡಿ. ನನಗ ಒಡಪು ಕೇಳಾಕ ನಿನಗಷ್ಟ ಗೊತ್ತಾತು."

ಅಕ್ಕ ಗೊಂಚಲನ್ನು ಸೊಂಟಕ್ಕೆ ಸಿಗಿಸಿಕೊಂಡು ಅಂಗಳ ದಾಟಿದಳು. ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಇಟ್ಟು ಎದ್ದರು. ಅವಳು ಹಿಂದೆ ತಿರುಗಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಈಗ ಯಂತ್ರ ದಿನಾ ಮುಂಜಾನೆ ಇಬ್ಬರಿಗೂ ಫೋನು ಮಾಡಿ ಮೂರೂ ಖೋಲಿಗಳ ಯೋಗಕ್ಷೇಮ ಹೇಳುತ್ತದೆ. ಬಿಸಿಯಾದಾಗ ಮಾತ್ರ ಹೇಳಿದರೆ ಸಾಕಿತ್ತು, ಆದರೆ ಖೋಲಿ ಬಿಸಿಯಾಗುವುದೇ ಅಪರೂಪ, ಅಷ್ಟು ಚಂದದ ಒಡಪು ಸುಮ್ಮನೆ ಬಿದ್ದಿರಬೇಕೇ ಎಂದು ನಾನೇ ಹಾಗೆ ಮಾಡಿದೆ. ಒಡಪನ್ನು ಕತ್ತರಿಸಿ ಹೆಸರಷ್ಟೇ ಇಡಬಹುದಿತ್ತು, ಕತ್ತರಿಸಲಿಲ್ಲ. ಮೊದಲು ಅತ್ತೆಯ ದನಿಯಲ್ಲಿ ಒಡಪು, ಹೆಸರು, ಹಿಂದೆಯೇ ಅಕ್ಕನ ದನಿಯಲ್ಲಿ "ಆರಾಮ ಅದಾರ" ಎಂಬ ಮಾತು.

ಆಮೇಲೆ ಕರ್ನಲನ್ನು ಎಷ್ಟೋ ಸಲ ಏರಿಸಿದ್ದೇನೆ. ಪ್ರತಿ ಸಲ ಹೋದಾಗಲೂ ಅತ್ತೆ ಕುರ್ಚಿ ಎಳೆದುಕೊಂಡು ಬಂದು ಕೂರುತ್ತಾರೆ. ಮೊನ್ನೆಯೂ ಕೇಳಿದರು:

"ತಮ್ಮಾ, ಒಳಗ ಅವರ ನಂಬರ ಈಗ ಎಷ್ಟ ಆಗೈತಿ?"

ನೋಡಿ ಹೇಳಿದೆ. "ಇವತ್ತ ಒಂದ್ನೇದವರು ಆಗ್ಯಾರ್ರಿ."

"ಎಲಾ ಇವರ! ಇದ್ದಾಗ ಒಂದ ದಿನಾನೂ ಎಲ್ಲೂ ಮೊದಲ ಹೋದವರಲ್ಲ."

ಅವತ್ತು ರಾತ್ರಿ ಅಲ್ಲೇ ಉಳಿದಿದ್ದೆ. ಮುಂಜಾನೆ ಅತ್ತೆ ಕಟ್ಟೆಯ ಮೇಲೆ ಕೂತು ಫೋನನ್ನು ಕಿವಿಗೆ ಹಿಡಿದು ತಮ್ಮ ಒಡಪನ್ನು ತಾವೇ ಪೂರ್ತಿ ಕೇಳಿದರು. ಕೇಳಿ ಮುಗಿದ ಮೇಲೆ ಅಂಗಳ ಗುಡಿಸುತ್ತಿದ್ದ ಅಕ್ಕನಿಗೆ ಕೂಗಿ, ಇಂಥವರು ಆರಾಮ ಅದಾರಂತ ಎಂದು ಹೇಳಿದರು. ಇಂಥವರು ಎಂದು ನಾನು ಬರೆದೆ, ಅವರು ಹಾಗೆ ಅನ್ನಲಿಲ್ಲ. ಒಡಪೂ ಇರಲಿಲ್ಲ, ಪ್ರಾಸವೂ ಇರಲಿಲ್ಲ. ಬರೀ ಹೆಸರು.